ಅವ್ವ ಶುಗರ್ ಮಾತ್ರೆ ನುಂಗದೆ ಡಬ್ಬಿಯಲ್ಲಿ ಕೂಡಿಟ್ಟಿದ್ದಾಳೆ, ಏನು ಮಾಡಲಿ?

ಆಲೂರಿನ ಮಗಳು (ಮಂಗಳವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಯಾರ ಹತ್ತಿರ ಹೇಳಿಕೊಳ್ಳಲಿ ಅಂತ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನನ್ನ ಅವ್ವನಿಗೆ 72 ವರ್ಷ. ಆಲೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲೇ ಇದ್ದಾಳೆ. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಪಕ್ಕದ ಮನೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಇದ್ದಾರೆ. ಒಂದು ಹಸು ಇದೆ. ಮಾರಿಬಿಡವ್ವ ಅಂದರೆ ಕೇಳುವುದಿಲ್ಲ. ನಾನು ಹಾಸನದಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಮಾತ್ರ ಊರಿಗೆ ಹೋಗಿ ಬರುತ್ತೇನೆ.

ಅವ್ವನಿಗೆ ಶುಗರ್ ಬಂದು ಹನ್ನೊಂದು ವರ್ಷ. ಜೊತೆಗೆ ಬಿಪಿ. ಮೆಟ್‌ಫಾರ್ಮಿನ್ 500, ಗ್ಲಿಮೆಪಿರೈಡ್ 1 ಎರಡೂ ಸೇರಿರುವ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಪಿಗೆ ಟೆಲ್ಮಿಸಾರ್ಟಾನ್ 40 ಬೆಳಿಗ್ಗೆ. ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್ ರಾತ್ರಿ. ಎಲ್ಲವನ್ನೂ ತಿಂಗಳಿಗೊಮ್ಮೆ ನಾನೇ ಕೊಂಡು ತಲುಪಿಸುತ್ತೇನೆ. ಹೋದಾಗೆಲ್ಲ ಖಾಲಿ ಸ್ಟ್ರಿಪ್ ಎಣಿಸುತ್ತೇನೆ. ಲೆಕ್ಕ ಯಾವತ್ತೂ ತಪ್ಪಿರಲಿಲ್ಲ.

ದಸರಾ ಹೊತ್ತಿಗೆ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ರಕ್ತ ಪರೀಕ್ಷೆ) 7.8 ಇತ್ತು. ಶಿವರಾತ್ರಿ ಕಳೆದ ಮೇಲೆ ಮಾಡಿಸಿದರೆ 9.4. ನಾವು ತೋರಿಸುವ ಕ್ಲಿನಿಕ್ಕಿನಲ್ಲಿ ಅವ್ವನಿಗೆ ಜೋರಾಗಿಯೇ ಬೈದರು. ಬಾಯಿ ಕಟ್ಟಬೇಕು ಅಜ್ಜಿ, ಇಲ್ಲ ಅಂದರೆ ಇನ್ಸುಲಿನ್ ಅಂದರು. ಗ್ಲಿಮೆಪಿರೈಡ್ 1 ಇದ್ದದ್ದನ್ನು 2 ಮಾಡಿದರು. ಅವ್ವ ಸೆರಗಿನ ತುದಿ ಹಿಡಿದುಕೊಂಡು ಸುಮ್ನೆ ಕೂತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನಾನೂ ಬೈದೆ. ಕದ್ದು ಬೆಲ್ಲ ತಿಂತೀಯಾ ಅಂತ ಕೇಳಿಬಿಟ್ಟೆ. ಅವಳು ಕಿಟಕಿ ಕಡೆ ತಿರುಗಿಕೊಂಡಳು.

ಮೊನ್ನೆ ಭಾನುವಾರ ಚಟ್ನಿಗೆ ಹುರಿಗಡಲೆ ಹುಡುಕುತ್ತಾ ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿದೆ. ಒಂದು ಹಳೇ ಬಿಸ್ಕತ್ತಿನ ಡಬ್ಬಿ ತೆಗೆದರೆ ತುಂಬಾ ಮಾತ್ರೆ. ಮೊರಕ್ಕೆ ಸುರಿದು ಎಣಿಸಿದೆ. 137. ಎಲ್ಲವೂ ಶುಗರಿನದು. ಬಿಪಿಯ ಮಾತ್ರೆ ಒಂದೂ ಇಲ್ಲ. ಸ್ಟ್ರಿಪ್ಪಿನಿಂದ ಒಂದೊಂದೇ ಬಿಡಿಸಿ ಹಾಕಿದ್ದಾಳೆ. ನಾನು ಖಾಲಿ ಸ್ಟ್ರಿಪ್ ನೋಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು.

ಯಾಕವ್ವ ಅಂದರೆ, "ದುಡ್ಡು ಕೊಟ್ಟು ತಂದಿರೋದು, ಎಸೆಯೋಕೆ ಮನಸು ಬರಲಿಲ್ಲ ಕಣವ್ವ" ಅಂದಳು. ಅಷ್ಟೇ. ಯಾಕೆ ನುಂಗಲಿಲ್ಲ ಅಂತ ಬಾಯಿ ಬಿಡಲಿಲ್ಲ.

ನನಗೆ ಸಿಟ್ಟು ಬಂತು, ಭಯವೂ ಆಯ್ತು. ಸೋಮವಾರದಿಂದ ಚಿಕ್ಕಮ್ಮನಿಗೆ ಹೇಳಿದ್ದೇನೆ. ಅವರು ಬೆಳಿಗ್ಗೆ ಎದುರಿಗೇ ನಿಂತು ಹೊಸ ಮಾತ್ರೆ ನುಂಗಿಸುತ್ತಿದ್ದಾರೆ. ಆದರೆ ದಿನಾ ಹೀಗೆ ಎಷ್ಟು ದಿನ ಮಾಡೋಕಾಗುತ್ತೆ? ವಾರದ ಡಬ್ಬಿ ತರಲಾ? ಫೋನಿನಲ್ಲಿ ಅಲಾರಂ ಇಟ್ಟರೆ ಆಗುತ್ತಾ? ಅವಳ ಹತ್ತಿರ ಇರುವುದು ಬಟನ್ ಫೋನು. ನಿಮ್ಮ ಮನೆಯಲ್ಲಿ ದೊಡ್ಡವರಿಗೆ ಮಾತ್ರೆ ಹೇಗೆ ಕೊಡುತ್ತೀರಿ, ದಯವಿಟ್ಟು ಹೇಳಿ.

ಮೂಡಿಗೆರೆ ತೋಟದವರು

ನೋಡಮ್ಮ, ನಾನೇ ಶುಗರಿನವನು. 68 ವರ್ಷ. ನಿಮ್ಮ ಅವ್ವನ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೈಯೋದು ನಿಲ್ಲಿಸಿ.

ನಾನೂ ಒಂದು ಸಲ ಮಾತ್ರೆ ಬಿಟ್ಟಿದ್ದೆ. ಕಾಫಿ ಕುಯಿಲಿನ ಸಮಯ. ಖಾಲಿ ಹೊಟ್ಟೆಯ ಶುಗರ್ 104 ಬಂತು. ಸರಿಹೋಯ್ತಲ್ಲ, ಇನ್ನು ಯಾಕೆ ಅಂದುಕೊಂಡೆ. ಮಾತ್ರೆ ನುಂಗುತ್ತಿದ್ದದ್ದಕ್ಕೇ 104 ಬಂದಿದ್ದು ಅಂತ ತಲೆಗೆ ಹೋಗಲಿಲ್ಲ. ಯಾರೂ ಹೇಳಿಯೂ ಇರಲಿಲ್ಲ. ಬಿಟ್ಟ ಮೇಲೆ ಏನೂ ನೋವಿಲ್ಲ, ಜ್ವರವಿಲ್ಲ, ಚೆನ್ನಾಗೇ ಇದ್ದೆ. ಆ ಹೊತ್ತಿಗೆ ಗಂಬೂಟಿನೊಳಗೆ ಒಂದು ಕಲ್ಲು ಸೇರಿ ಕಾಲಿಗೆ ಗಾಯ ಆಯ್ತು. ಶುಗರಿನಿಂದ ಸ್ಪರ್ಶ ಕಡಿಮೆಯಾಗಿದ್ದ ಕಾಲು, ಗೊತ್ತೇ ಆಗಲಿಲ್ಲ. ವಾಸನೆ ಬಂದ ಮೇಲೆ ಹೆಂಡತಿ ನೋಡಿದಳು. ಮಂಗಳೂರಿಗೆ ಹೋದೆವು. ಎಡಗಾಲಿನ ಕಿರುಬೆರಳು ತೆಗೆದರು.

ಈಗ ನಾನು ಒಂದು ಹೊತ್ತೂ ತಪ್ಪಿಸುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮನೆಗೆ ಪೆನ್ಸಿಲಿನಿಂದ ಗೀಟು ಹಾಕುತ್ತೇನೆ. ಮಾತ್ರೆ ಇಡುವ ಜಾಗ ಊಟದ ಮೇಜು. ಇಷ್ಟೇ ನನ್ನ ಉಪಾಯ. ಆದರೆ ನಿಮ್ಮ ಅವ್ವ ಮರೆತವರಲ್ಲ. 137 ಮಾತ್ರೆಯನ್ನು ಯಾರೂ ಮರೆತು ಡಬ್ಬಿಗೆ ಹಾಕುವುದಿಲ್ಲ. ಅವರಿಗೆ ಏನೋ ಕಾರಣ ಇದೆ. ಪಕ್ಕದಲ್ಲಿ ಕೂತು ಕೇಳಿ. ಒಂದೇ ಸಲಕ್ಕೆ ಹೇಳುವುದಿಲ್ಲ, ಎರಡು ಮೂರು ಸಲ ಕೇಳಿ.

ಕಡೂರಿನವ

ಹಾಗಲಕಾಯಿ ರಸ ಮತ್ತು ಮೆಂತ್ಯ ನೆನೆಸಿದ ನೀರು ಕೊಡಿ ಅಕ್ಕ. ನಮ್ಮ ಅತ್ತೆ ಎಲ್ಲ ಮಾತ್ರೆ ಬಿಟ್ಟು ಇದರಲ್ಲೇ ಇದ್ದಾರೆ. ಇಂಗ್ಲಿಷ್ ಮಾತ್ರೆ ಕಿಡ್ನಿ ಹಾಳು ಮಾಡುತ್ತೆ ಅಂತಾರೆ.

ನಿವೃತ್ತ ಫಾರ್ಮಸಿಸ್ಟ್, ಹಾಸನ

ಮಗಳೇ, ನಿನ್ನ ಪ್ರಶ್ನೆಗಿಂತ ಮುಂಚೆ ಒಂದು ಅವಸರದ ಮಾತು. ನಾಳೆ ಬೆಳಿಗ್ಗೆ ಆ 2 ಮಿಲಿಗ್ರಾಮಿನ ಮಾತ್ರೆ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡು. ಡೋಸ್ ಯಾಕೆ ಹೆಚ್ಚಿಸಿದರು? ಅವ್ವ ದಿನಾ ಎರಡೂ ಹೊತ್ತು ನುಂಗುತ್ತಿದ್ದಾರೆ, ಆದರೂ 9.4 ಬಂದಿದೆ ಅಂತ ತಿಳಿದು. ಆದರೆ ಡಬ್ಬಿಯ ಲೆಕ್ಕ ನೋಡಿದರೆ ಅವರು ಎರಡರಲ್ಲಿ ಸುಮಾರು ಒಂದನ್ನೇ ನುಂಗುತ್ತಿದ್ದರು. ನಾಲ್ಕೈದು ತಿಂಗಳಿಂದ ಅರ್ಧ ಡೋಸಿಗೆ ಒಗ್ಗಿದ ಮೈಗೆ ಈಗ ಒಮ್ಮೆಲೇ ಪೂರ್ತಿ, ಅದೂ ಹೆಚ್ಚಿದ ಡೋಸ್ ಬಿದ್ದರೆ ಶುಗರ್ ಕೆಳಗೆ ಹೋಗುತ್ತೆ. ವಯಸ್ಸಾದವರಿಗೆ ಅದು ಹೆಚ್ಚಿರುವ ಶುಗರಿಗಿಂತ ಬೇಗ ಅಪಾಯ ತರುತ್ತೆ.

ಗ್ಲಿಮೆಪಿರೈಡ್ ಏನು ಮಾಡುತ್ತೆ ಅಂದರೆ, ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಬಿಡಿಸುತ್ತೆ. ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ, ಅದು ತನ್ನ ಕೆಲಸ ಮಾಡುತ್ತೆ. ಮೆಟ್‌ಫಾರ್ಮಿನ್ ಹಾಗಲ್ಲ, ಅದೊಂದೇ ಆದರೆ ಶುಗರ್ ತೀರಾ ಇಳಿಯುವುದು ಅಪರೂಪ. ಆದ್ದರಿಂದ ಅವ್ವ ಮಾತ್ರೆ ಎಷ್ಟು ಗಂಟೆಗೆ ನುಂಗುತ್ತಾರೆ, ತಿಂಡಿ ಎಷ್ಟು ಗಂಟೆಗೆ ತಿನ್ನುತ್ತಾರೆ, ಇದನ್ನು ಕೇಳು. ಬಿಪಿಯ ಮಾತ್ರೆ ಒಂದೂ ಡಬ್ಬಿಯಲ್ಲಿ ಇಲ್ಲ ಅಂತ ಬರೆದಿದ್ದೀಯ, ಅಲ್ವಾ? ಅಲ್ಲೇ ಇದೆ ಸುಳಿವು. ಶುಗರಿನ ಮಾತ್ರೆ ನುಂಗಿದಾಗ ಅವರಿಗೆ ಏನೋ ಆಗಿದೆ.

ನಾನು ಮೂವತ್ತು ವರ್ಷ ಮೆಡಿಕಲ್ ಸ್ಟೋರಿನಲ್ಲಿ ನಿಂತವನು. ಮಾತ್ರೆ ಬಿಟ್ಟವರ ಕಾರಣಗಳನ್ನು ಎಷ್ಟು ಕೇಳಿದ್ದೇನೆ! ಒಬ್ಬರು ಅಜ್ಜ ಹೋದ ಸಲ ಬಿಳಿ ಮಾತ್ರೆ, ಈ ಸಲ ಹಸಿರು, ಇದು ಬೇರೆ ಯಾರದ್ದೋ ಅಂತ ಹಾಗೇ ಇಟ್ಟುಬಿಟ್ಟಿದ್ದರು. ಕಂಪನಿ ಬದಲಾದರೆ ಬಣ್ಣ ಬದಲಾಗುತ್ತೆ ಅಂತ ಕೊಡುವವರು ಹೇಳಬೇಕಿತ್ತು. ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಹೆಸರಿನ ಭಾಗ ಅಂಗಡಿಯಲ್ಲೇ ಉಳಿಯುತ್ತೆ, ಆಮೇಲೆ ಯಾವುದು ಯಾವುದಕ್ಕೆ ಅಂತ ಮನೆಯವರಿಗೂ ಗೊತ್ತಾಗುವುದಿಲ್ಲ. ಇನ್ನೊಬ್ಬರು ಬಹಳ ನಾಚಿಕೊಂಡು ಬಂದು, ನುಂಗಿದ ಮಾತ್ರೆ ಮಲದಲ್ಲಿ ಹಾಗೇ ಬರುತ್ತಿದೆ, ಕರಗುತ್ತಲೇ ಇಲ್ಲ, ದುಡ್ಡು ದಂಡ ಅಂದರು. ನಿಧಾನವಾಗಿ ಔಷಧಿ ಬಿಡುವ ಕೆಲವು ಮೆಟ್‌ಫಾರ್ಮಿನ್ ಮಾತ್ರೆಗಳು ಹಾಗೇ. ಔಷಧಿ ಮೈಗೆ ಸೇರಿರುತ್ತೆ, ಖಾಲಿ ಸಿಪ್ಪೆ ಮಾತ್ರ ಹೊರಗೆ ಬರುತ್ತೆ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಹೊಟ್ಟೆ ಕೆಡುತ್ತೆ, ಬಸ್ಸಿನಲ್ಲಿ ಹೋಗುವಾಗ ಅವಸರ ಆಗುತ್ತೆ ಅಂತ ಬಿಟ್ಟವರು ಎಷ್ಟೋ ಮಂದಿ. ಊಟದ ಜೊತೆ ನುಂಗಿದರೆ ಆ ತೊಂದರೆ ಬಹಳ ಕಡಿಮೆಯಾಗುತ್ತೆ.

ನಿನ್ನ ಅವ್ವ ಒಬ್ಬರೇ ಹೀಗೆ ಅಂದುಕೊಳ್ಳಬೇಡ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಒಂದು ವರದಿ ಮಾಡಿತ್ತು. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಔಷಧಿಯನ್ನು ಹೇಳಿದ ಹಾಗೆ ತೆಗೆದುಕೊಳ್ಳುತ್ತಾರೆ ಅಂತ ಅದರಲ್ಲಿತ್ತು.

ಕಡೂರಿನ ತಮ್ಮ, ಹಾಗಲಕಾಯಿ ಪಲ್ಯ ಧಾರಾಳವಾಗಿ ತಿನ್ನಲಿ, ನಾನೂ ತಿನ್ನುತ್ತೇನೆ. ಆದರೆ ಮಾತ್ರೆ ಬಿಡಿಸಬೇಡಿ. ಕಿಡ್ನಿ ಹಾಳು ಮಾಡುವುದು ವರ್ಷಗಟ್ಟಲೆ ಏರಿ ನಿಂತ ಶುಗರ್ ಮತ್ತು ಬಿಪಿ. ಕಿಡ್ನಿ ಮೊದಲೇ ಸೋತಿದ್ದರೆ ಮೆಟ್‌ಫಾರ್ಮಿನ್ ಡೋಸ್ ಇಳಿಸಬೇಕು, ತೀರಾ ಸೋತಿದ್ದರೆ ನಿಲ್ಲಿಸಬೇಕು, ಅದು ನಿಜ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವುದು. ನಿಮ್ಮ ಅತ್ತೆಯವರಿಗೂ ಒಂದು ಸಲ ಎಚ್‌ಬಿಎ1ಸಿ ಮಾಡಿಸಿ.

ಇನ್ನೊಂದು. ಆ ಡಬ್ಬಿಯ ಮಾತ್ರೆಗಳನ್ನು ಮತ್ತೆ ಉಪಯೋಗಿಸಬೇಡ ಮಗಳೇ. ಸ್ಟ್ರಿಪ್ಪಿನಿಂದ ಬಿಡಿಸಿದ ಮಾತ್ರೆ ತೇವ ಹೀರುತ್ತೆ. ತಿಪ್ಪೆಗೂ ಎಸೆಯಬೇಡ, ಹಸು ಬಾಯಿ ಹಾಕೀತು.

ಆಲೂರಿನ ಮಗಳು (ಬುಧವಾರ ಮಧ್ಯಾಹ್ನ)

ಸಾರ್, ನಿಮ್ಮ ಉತ್ತರವನ್ನು ಬೆಳಿಗ್ಗೆ ಏಳೂವರೆಗೆ ನೋಡಿದೆ. ತಕ್ಷಣ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಮಾತ್ರೆ ನುಂಗಿಸಿ ಆಗಿತ್ತು. ಅವ್ವ ಹಾಲು ತೆಗೆದುಕೊಂಡು ಡೇರಿಗೆ ಹೋಗಿದ್ದಳು. ಚಿಕ್ಕಮ್ಮ ಓಡಿ ಹೋಗಿ ನೋಡಿದರೆ ಡೇರಿಯ ಜಗಲಿ ಮೇಲೆ ಕೂತಿದ್ದಳಂತೆ. ಮೈಯೆಲ್ಲ ಬೆವರು, ರವಿಕೆ ಒದ್ದೆ. ಚಿಕ್ಕಮ್ಮನನ್ನು ನೋಡಿ ಇಪ್ಪತ್ತು ವರ್ಷದ ಹಿಂದೆ ತೀರಿಹೋದ ನಮ್ಮ ಅಜ್ಜಿಯ ಹೆಸರು ಹಿಡಿದು ಕರೆದಳಂತೆ. ಡೇರಿಯವರೇ ಸಕ್ಕರೆ ನೀರು ಕುಡಿಸಿದರು. ಮನೆಗೆ ಬಂದು ಗ್ಲುಕೋಮೀಟರಿನಲ್ಲಿ ನೋಡಿದರೆ 61. ಸಕ್ಕರೆ ನೀರು ಕುಡಿದ ಮೇಲೂ 61! ಮತ್ತೆ ಕುಡಿಸಿ, ರೊಟ್ಟಿ ತಿನ್ನಿಸಿದರು. ನಾನು ರಜೆ ಹಾಕಿ ಈಗ ಊರಿಗೆ ಬಂದಿದ್ದೇನೆ. ಈಗ 118 ಇದೆ. ಮಲಗಿದ್ದಾಳೆ. ಡಾಕ್ಟರಿಗೆ ಫೋನ್ ಮಾಡಿದೆ. ರಾತ್ರಿಯ ಮಾತ್ರೆ ಬೇಡ, ನಾಳೆ ಕರೆದುಕೊಂಡು ಬನ್ನಿ ಅಂದರು.

ನನ್ನ ಕೈ ಇನ್ನೂ ನಡುಗುತ್ತಿದೆ. ಇಷ್ಟು ದಿನ ಅವಳು ಬಚಾವಾದದ್ದೇ ಆ ಡಬ್ಬಿಯಿಂದ ಅನ್ನಿಸುತ್ತಿದೆ.

ನರ್ಸ್, ಬೇಲೂರು ಕಡೆ

ತಂಗಿ, ಧೈರ್ಯವಾಗಿರಿ. ನಿಮ್ಮ ಚಿಕ್ಕಮ್ಮ, ಡೇರಿಯವರು ಸರಿಯಾಗಿಯೇ ಮಾಡಿದ್ದಾರೆ. ಆದರೆ ಇವತ್ತು ರಾತ್ರಿ ಅವ್ವನನ್ನು ಒಬ್ಬರನ್ನೇ ಮಲಗಿಸಬೇಡಿ. ಗ್ಲಿಮೆಪಿರೈಡ್ ಇಡೀ ದಿನ ಮೈಯಲ್ಲಿರುತ್ತೆ. 118 ಬಂತು ಅಂತ ಬಿಟ್ಟರೆ ಮತ್ತೆ ಇಳಿಯಬಹುದು. ಎರಡು ಮೂರು ಗಂಟೆಗೊಮ್ಮೆ ನೋಡಿ. ಮಧ್ಯರಾತ್ರಿಯೂ ಒಂದು ಸಲ ಎಬ್ಬಿಸಿ ನೋಡಿ.

ಮನೆಯವರೆಲ್ಲರೂ ಇದನ್ನು ಕಲಿತಿರಲಿ. ಶುಗರ್ 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲ ಅಂದರೆ ಮತ್ತೆ ಅಷ್ಟೇ ಕೊಡಿ. ಸರಿಹೋದ ಮೇಲೆ ರೊಟ್ಟಿಯೋ ಅನ್ನವೋ ತಿನ್ನಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ವಯಸ್ಸಾದವರಿಗೆ ಕೆಲವು ಸಲ ಬೆವರು, ನಡುಕ ಬರುವುದೇ ಇಲ್ಲ. ಮಾತು ತಪ್ಪುತ್ತೆ, ಮಂಕಾಗುತ್ತಾರೆ, ಅಷ್ಟೇ. ಅರಳುಮರಳು ಅಂತ ಮನೆಯವರು ಸುಮ್ಮನಿರುತ್ತಾರೆ. ನಮ್ಮ ಕಡೆ ಹೀಗೆ ಎರಡು ಮೂರು ಮಂದಿಯನ್ನು ನಾನೇ ನೋಡಿದ್ದೇನೆ.

ನಾಳೆ ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿ ಸಮೇತ ಹೋಗಿ. ಮುಚ್ಚಿಡಬೇಡಿ. 72ರ ವಯಸ್ಸಿನಲ್ಲಿ ಎಚ್‌ಬಿಎ1ಸಿಯನ್ನು ಎಳೆಯರ ಹಾಗೆ 7ರ ಒಳಗೆ ತರಲೇಬೇಕು ಅಂತ ಹಟ ಬೇಡ. ಬೇರೆ ಕಾಯಿಲೆಗಳಿದ್ದರೆ 8ರ ಆಸುಪಾಸು ಸಾಕು ಅನ್ನುತ್ತಾರೆ. ಶುಗರ್ ಇಳಿದು ಬಿದ್ದು ಸೊಂಟ ಮುರಿದುಕೊಂಡರೆ ಹಾಸಿಗೆಯಿಂದ ಏಳಿಸುವುದು ಕಷ್ಟ. ಇಷ್ಟು ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಿಗೆ ವಿಟಮಿನ್ ಬಿ12 ಕಡಿಮೆಯಾಗುವುದೂ ಇದೆ, ಅದನ್ನೂ ಒಮ್ಮೆ ಕೇಳಿ.

ನಾನು ಓದು ಬರದವರಿಗೆ ಸ್ಟ್ರಿಪ್ ಮೇಲೆ ಸ್ಕೆಚ್ ಪೆನ್ನಿನಿಂದ ಸೂರ್ಯ, ಚಂದ್ರ ಬರೆದು ಕೊಡುತ್ತೇನೆ. ನಿಮ್ಮ ಅವ್ವನಿಗೆ ರೊಟ್ಟಿಯ ಚಿತ್ರ ಬರೆಯಬೇಕು ಅನ್ನಿಸುತ್ತೆ.

ಆಲೂರಿನ ಮಗಳು (ಶುಕ್ರವಾರ)

ಬುಧವಾರ ರಾತ್ರಿ ಅವ್ವನ ಪಕ್ಕದಲ್ಲೇ ಮಲಗಿದೆ. ಹನ್ನೆರಡೂವರೆಗೆ ಎಬ್ಬಿಸಿ ಬೆರಳು ಚುಚ್ಚಿದೆ. 134 ಇತ್ತು. ಆಮೇಲೆ ಇಬ್ಬರಿಗೂ ನಿದ್ದೆ ಬರಲಿಲ್ಲ. ಕತ್ತಲಲ್ಲಿ ಅವಳೇ ಮಾತು ಶುರು ಮಾಡಿದಳು.

ಹೋದ ದೀಪಾವಳಿ ಆದ ಮೇಲೆ ಒಂದು ಬೆಳಿಗ್ಗೆ ಡೇರಿಗೆ ಹೋಗುವಾಗ ಕಾಲುವೆ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಳಂತೆ. ಕ್ಯಾನಿನ ಹಾಲೆಲ್ಲ ಚೆಲ್ಲಿತಂತೆ. ಎದ್ದು, ಸೀರೆ ಕೊಡವಿಕೊಂಡು, ಮನೆಗೆ ಬಂದಳಂತೆ. ಯಾರಿಗೂ ಹೇಳಲಿಲ್ಲ. "ಹೇಳಿದ್ರೆ ನೀನು ಹಸ ಮಾರು ಅಂತಿದ್ದೆ. ನನ್ನ ಹಾಸನಕ್ಕೆ ಕರ್ಕೊಂಡು ಹೋಯ್ತಿದ್ದೆ" ಅಂದಳು. ಮಾತ್ರೆ ನುಂಗಿದ ದಿನವೇ ಹಾಗಾಗುತ್ತೆ ಅಂತ ಅವಳೇ ನೋಡಿ ನೋಡಿ ಕಂಡುಕೊಂಡಿದ್ದಾಳೆ. ಅಂದಿನಿಂದ ಬೆಳಗಿನದು ಬಿಟ್ಟಳು. ರಾತ್ರಿ ಮುದ್ದೆ ಉಂಡ ಮೇಲೆ ನುಂಗಿದರೆ ಏನೂ ಆಗುವುದಿಲ್ಲ, ಅದಕ್ಕೇ ರಾತ್ರಿಯದನ್ನು ಒಂದು ದಿನವೂ ಬಿಟ್ಟಿಲ್ಲ. ಶಾಲೆಗೆ ಮೂರನೇ ಕ್ಲಾಸಿನವರೆಗೆ ಹೋದವಳು. ಅವಳ ಲೆಕ್ಕ ಸರಿ ಇತ್ತು. ನಾನು ಸ್ಟ್ರಿಪ್ ಎಣಿಸುತ್ತಾ ಕೂತಿದ್ದೆ.

ಅವಳ ಬೆಳಗಿನ ದಿನಚರಿ ಕೇಳಿದೆ. ಐದೂವರೆಗೆ ಏಳುತ್ತಾಳೆ. ಹಾಲು ಕರೆದು, ಆರು ಗಂಟೆಗೆ ಕಾಫಿ ಕುಡಿದು, ಕಾಫಿ ಜೊತೆ ಮಾತ್ರೆ ನುಂಗುತ್ತಿದ್ದಳು. ಬೆಳಿಗ್ಗೆ ಒಂದು ಅಂತ ಸ್ಟ್ರಿಪ್ ಮೇಲೆ ಬರೆದಿದ್ದರಲ್ಲ, ಹಾಗೆ. ಆಮೇಲೆ ಡೇರಿ, ಸಗಣಿ, ಹುಲ್ಲು. ಹೊಟ್ಟೆಗೆ ರೊಟ್ಟಿ ಬೀಳುವಾಗ ಹತ್ತು ಗಂಟೆ. ಸೋಮವಾರ ಅದೂ ಇಲ್ಲ. ಧರ್ಮಸ್ಥಳದ ಮಂಜುನಾಥನ ಹೆಸರಲ್ಲಿ ಒಪ್ಪತ್ತು. ನಾನು ಹುಟ್ಟುವ ಮುಂಚಿನಿಂದ ಮಾಡುತ್ತಿದ್ದಾಳೆ. ಇದು ನನಗೆ ಗೊತ್ತಿತ್ತು. ಡಾಕ್ಟರಿಗೆ ಹೇಳಬೇಕು ಅಂತ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೊಳೆಯಲಿಲ್ಲ. ಮೊನ್ನೆ ಸೋಮವಾರವೂ ಒಪ್ಪತ್ತಿನ ದಿನವೇ ನಾನು ಚಿಕ್ಕಮ್ಮನನ್ನು ಎದುರಿಗೆ ನಿಲ್ಲಿಸಿ ನುಂಗಿಸಿದ್ದೇನೆ.

ಗುರುವಾರ ಡಬ್ಬಿ ತೆಗೆದುಕೊಂಡು ಹೋದೆ. ಈ ಸಲ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಅವ್ವನನ್ನೇ ಕೇಳಿದರು, ನನ್ನನ್ನಲ್ಲ. ಎಷ್ಟು ಗಂಟೆಗೆ ಏಳ್ತೀರಾ ಅಮ್ಮ, ಎಷ್ಟು ಗಂಟೆಗೆ ತಿಂತೀರಾ ಅಂತ. ಕ್ರಿಯಾಟಿನಿನ್ ಮಾಡಿಸಿದರು, ವಯಸ್ಸಿಗೆ ಪರವಾಗಿಲ್ಲ ಅಂದರು. ಗ್ಲಿಮೆಪಿರೈಡ್ ಪೂರ್ತಿ ತೆಗೆದರು. ಮೆಟ್‌ಫಾರ್ಮಿನ್ ಜೊತೆ ಸಿಟಾಗ್ಲಿಪ್ಟಿನ್ ಅನ್ನುವ ಬೇರೆ ಶುಗರ್ ಔಷಧಿ ಕೊಟ್ಟಿದ್ದಾರೆ. ಬೆಳಗಿನದು ಹತ್ತು ಗಂಟೆಯ ರೊಟ್ಟಿ ಜೊತೆ, ರಾತ್ರಿಯದು ಮುದ್ದೆ ಜೊತೆ. ಸೋಮವಾರ ಒಂದೇ ಊಟವಾದರೆ ಆ ಊಟದ ಜೊತೆ ಒಂದೇ ಮಾತ್ರೆ ಸಾಕು ಅಂದರು. ಯಾವತ್ತಾದರೂ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ, ಹೋದದ್ದು ಹೋಯಿತು ಅಂತಲೂ ಹೇಳಿದರು. ಒಪ್ಪತ್ತು ಬಿಡಿ ಅಂತ ಹೇಳಲಿಲ್ಲ. ಅವ್ವನಿಗೆ ಅದೇ ದೊಡ್ಡ ಸಮಾಧಾನ.

ನಿವೃತ್ತ ಫಾರ್ಮಸಿಸ್ಟ್, ಹಾಸನ

ಒಳ್ಳೇದಾಯ್ತು ಮಗಳೇ. ಸಿಟಾಗ್ಲಿಪ್ಟಿನ್ ಮೊದಲು ಬಹಳ ದುಬಾರಿ ಇತ್ತು. 2022ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆ ತುಂಬಾ ಇಳಿದಿದೆ. ಜನೌಷಧಿ ಅಂಗಡಿಯಲ್ಲೂ ಕೇಳು. ಒಂದೇ ಕಂಪನಿಯದನ್ನೇ ಪ್ರತಿ ಸಲ ತಾ. ಬಣ್ಣ ಬದಲಾದರೆ ಮೊದಲೇ ಅವ್ವನಿಗೆ ತೋರಿಸಿ ಹೇಳು. ಸ್ಟ್ರಿಪ್ ಎಣಿಸುವ ಬದಲು, ಭಾನುವಾರ ಹೋದಾಗ ಈ ವಾರ ಮೈ ಹೇಗಿತ್ತವ್ವ ಅಂತ ಕೇಳು.

ಆಲೂರಿನ ಮಗಳು (ಮೂರು ತಿಂಗಳ ಮೇಲೆ)

ಆಗ ಸಹಾಯ ಮಾಡಿದವರಿಗೆಲ್ಲ ಹೇಳಬೇಕು ಅನ್ನಿಸಿತು. ನಿನ್ನೆ ರಿಪೋರ್ಟ್ ಬಂತು. ಎಚ್‌ಬಿಎ1ಸಿ 7.9. ಡೇರಿಗೆ ದಿನಾ ಹೋಗುತ್ತಾಳೆ. ಒಂದು ಸಲವೂ ಕಣ್ಣು ಕತ್ತಲೆ ಬಂದಿಲ್ಲ. ಸೀರೆಯ ಗಂಟಿನಲ್ಲಿ ನಾಲ್ಕು ಕಲ್ಲುಸಕ್ಕರೆ ಕಟ್ಟಿಕೊಂಡಿರುತ್ತಾಳೆ.

ನರ್ಸಕ್ಕ, ನೀವು ಹೇಳಿದ ಹಾಗೆ ಬೆಳಗಿನ ಸ್ಟ್ರಿಪ್ ಮೇಲೆ ರೊಟ್ಟಿ, ರಾತ್ರಿಯದರ ಮೇಲೆ ಮುದ್ದೆ ಬರೆದೆ. ಎರಡೂ ಗುಂಡಗೇ ಇದೆಯಲ್ಲವ್ವ ಅಂದಳು. ರೊಟ್ಟಿಯ ಪಕ್ಕ ಹೆಂಚು ಬರೆದೆ. ಈಗ ಗೊತ್ತಾಗುತ್ತೆ ಅಂದಳು. ಸ್ಟ್ರಿಪ್ಪುಗಳು ಒಲೆಯ ಪಕ್ಕದ ಗೂಡಿನಲ್ಲಿ ಉಪ್ಪಿನ ಜಾಡಿಯ ಹತ್ತಿರ ಇದ್ದವು. ಬಿಸಿ ತಾಗುತ್ತೆ ಅಂತ ತಟ್ಟೆ ಇಡುವ ಕಪಾಟಿಗೆ ಬದಲಾಯಿಸಿದ್ದೇವೆ.

ಮುಂದಿನ ಗುರುವಾರ ಕಣ್ಣಿನ ನರ ನೋಡಿಸಲು ಹಾಸನಕ್ಕೆ ಕರೆದುಕೊಂಡು ಬರುತ್ತಿದ್ದೇನೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಕಣ್ಣಿಗೆ ಹನಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಮಂಜಾಗುತ್ತಂತೆ, ಅದಕ್ಕೆ ರಾತ್ರಿ ನನ್ನ ಮನೆಯಲ್ಲೇ ಉಳಿಯುತ್ತಾಳೆ. ಒಂದೇ ರಾತ್ರಿ ಅಂತ ಮೂರು ಸಲ ಮಾತು ತೆಗೆದುಕೊಂಡಿದ್ದಾಳೆ. ಆ ಸಂಜೆ ಮತ್ತು ಮರುದಿನ ಬೆಳಿಗ್ಗೆ ಹಾಲು ಕರೆಯಲು ಚಿಕ್ಕಮ್ಮ ಒಪ್ಪಿದ್ದಾರೆ.